ಸೀಮೆಎಣ್ಣೆ ಕ್ಯೂನಲ್ಲಿ ನಿಂತಿದ್ದ ಸಾಕ್ಷಿ

ಆ ವರ್ಷ ನಮ್ಮ ಆಫೀಸಿನಲ್ಲಿ ಎಲ್ಲರೂ ದಿನಾಂಕ ತಿದ್ದುತ್ತಿದ್ದರು. ಶತಮಾನ ಮುಗಿಯುವುದರೊಳಗೆ ಎರಡಂಕಿಯ ಇಸವಿಗಳನ್ನೆಲ್ಲ ನಾಲ್ಕಂಕಿ ಮಾಡಬೇಕಿತ್ತು. ಅಮೆರಿಕದ ಪಿಸ್ಕಾಟವೇ ಊರಿನ ಟೆಲಿಕಾಂ ಕಂಪನಿಯೊಂದರಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಬೇರೆಯವರು ಸರಿಹೋಯಿತೆಂದದ್ದು ಸರಿಹೋಗಿಲ್ಲವೆಂದು ತೋರಿಸುವುದಕ್ಕೇ ನನಗೆ ಸಂಬಳ. ಆ ಗುಣ ಮನೆಗೂ ಬಂದಿತ್ತು. ಬೀಗ ಹಾಕಿದ ಮೇಲೆ ಎರಡು ಸಲ ಹಿಂದಿರುಗಿ ನೋಡುತ್ತಿದ್ದೆ. ಯಾರ ಹತ್ತಿರ ಏನು ಮಾತಾಡಿದೆನೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ನನ್ನ ನೆನಪಿನ ಮೇಲೆ ನನಗೆ ಯಾವತ್ತೂ ಪೂರ್ತಿ ನಂಬಿಕೆ ಇರಲಿಲ್ಲ, ಒಂದೇ ಒಂದು ವಿಷಯವನ್ನು ಬಿಟ್ಟರೆ.

ಅದು ಒಂದು ಆಟ. ಇಂಗ್ಲೆಂಡಿನ ಒಬ್ಬ ಶಾಲಾ ಮೇಷ್ಟರು ಎಂಬತ್ತರ ದಶಕದ ಮೊದಲಲ್ಲಿ ತಾವೇ ಟೈಪ್ ಮಾಡಿ ಅಚ್ಚು ಹಾಕಿಸಿದ ಅರವತ್ತನಾಲ್ಕು ಪುಟದ ಪುಸ್ತಕ. ಬೋರ್ಡ್ ಇಲ್ಲ, ಕಾಯಿಗಳಿಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಸೂತ್ರಧಾರ; ಊರು, ಕಳ್ಳರು, ಪೊಲೀಸರು ಎಲ್ಲ ಅವನ ಬಾಯಲ್ಲಿ. ಉಳಿದವರು ಒಬ್ಬೊಬ್ಬ ಸೂಪರ್‌ಹೀರೋನ ಪಾತ್ರ ವಹಿಸಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ನಡೆಯಿತೋ ಇಲ್ಲವೋ ದಾಳ ಹೇಳುತ್ತದೆ. ಮೇಷ್ಟರ ಹೀರೋಗಳು ಆಕಾಶದಲ್ಲಿ ಹಾರಿದರೂ ಬೆಳಿಗ್ಗೆ ಬಸ್ಸು ಹಿಡಿದು ಕೆಲಸಕ್ಕೆ ಹೋಗಬೇಕಾದವರು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಗುಂಪಿಗೆ ಅದೇ ಹಿಡಿಸಿತ್ತು. ಮುಂದೆ ಅಮೆರಿಕದ ಒಂದು ಕಂಪನಿ ಆಟದ ಹಕ್ಕು ಪಡೆದು, ಮೇಷ್ಟರನ್ನು ಕೇಳದೆ ಅರ್ಧ ಬದಲಾಯಿಸಿ, ಎರಡು ವರ್ಷಕ್ಕೆ ಬಾಗಿಲು ಮುಚ್ಚಿತು. ಹಕ್ಕು ಮೇಷ್ಟರಿಗೆ ಮರಳಿತು. ಅಷ್ಟು ಹೊತ್ತಿಗೆ ಆಟ ಸತ್ತುಹೋಗಿತ್ತು.

ಅದನ್ನು ಮತ್ತೆ ಬದುಕಿಸಲು ಹೊರಟವನು ಕ್ರ್ಯಾನ್‌ಬರಿಯ ಒಂದು ಗೋದಾಮಿನ ಮೇಲ್ವಿಚಾರಕ. ಗೋದಾಮಿನ ಮಾಲೀಕರು ಕೊಟ್ಟ ಒಂದು ಮೂಲೆಯಲ್ಲಿ ಹಳೆಯ ಆಟಗಳ ಪುಸ್ತಕಗಳನ್ನು ಪ್ರಕಟಿಸಿ ಅಂಚೆಯಲ್ಲಿ ಮಾರುತ್ತಿದ್ದ. ಮೇಷ್ಟರು ಅವನಿಗೆ ಎರಡು ಷರತ್ತು ಹಾಕಿ ಅನುಮತಿ ಕೊಟ್ಟಿದ್ದರು. ಮೊದಲ ಆವೃತ್ತಿ ಇದ್ದಂತೆಯೇ ಬರಬೇಕು, ತಮ್ಮನ್ನು ಕೇಳದೆ ಒಂದು ಪದವೂ ಬದಲಾಗಬಾರದು. ಪುಸ್ತಕ ಆ ವರ್ಷ ಮುಗಿಯುವುದರೊಳಗೆ ಹೊರಬರಬೇಕು. ಇಲ್ಲವಾದರೆ ಅನುಮತಿ ರದ್ದು, ಮತ್ತೆ ಯಾರಿಗೂ ಕೊಡುವುದಿಲ್ಲ. ತೊಂದರೆಯೆಂದರೆ ಮೇಷ್ಟರ ಹತ್ತಿರವೇ ಪ್ರತಿ ಇರಲಿಲ್ಲ, ಮನೆ ಬದಲಾಯಿಸುವಾಗ ಕಳೆದಿತ್ತು. ಮೊದಲ ಆವೃತ್ತಿ ಯಾರ ಹತ್ತಿರ ಇದೆಯೆಂದು ಪ್ರಕಾಶಕ ಇ-ಮೇಲ್ ಗುಂಪಿನಲ್ಲಿ ಕೇಳಿದ. ನನ್ನ ಹತ್ತಿರ ಇದೆ ಎಂದು ಬರೆದೆ.

ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇದ್ದದ್ದು ಜೆರಾಕ್ಸ್. ಸಹಪಾಠಿಯೊಬ್ಬನ ಕಸಿನ್ ಇಂಗ್ಲೆಂಡಿನಿಂದ ರಜೆಗೆ ಬಂದಾಗ ಪುಸ್ತಕ ತಂದಿದ್ದ. ಅವನು ಇದ್ದ ಎರಡು ವಾರ ಆಡಿದೆವು. ಹೊರಡುವ ದಿನ ಸರಸ್ವತಿಪುರಂನ ಅಂಗಡಿಯಲ್ಲಿ ಅವಸರವಾಗಿ ಜೆರಾಕ್ಸ್ ಮಾಡಿಸಿ ಪುಸ್ತಕ ವಾಪಸ್ ಕೊಟ್ಟೆವು. ಸೆಮಿಸ್ಟರ್ ನೋಟ್ಸಿನ ಹಾಗೆ ಅದಕ್ಕೂ ರಟ್ಟು ಹಾಕಿಸಿದ್ದೆ. ಮುಂದಿನ ಮೂರು ವರ್ಷ ಆಡಿದ್ದು ಆ ಜೆರಾಕ್ಸಿನಿಂದ. ಇಲ್ಲಿಗೆ ಬರುವಾಗ ಅಂಕಪಟ್ಟಿಗಳ ಜೊತೆ ಅದನ್ನೂ ತಂದಿದ್ದೆ.

ಜನವರಿಯಲ್ಲಿ ಕೆಲಸ ಶುರುವಾಯಿತು. ಒಂದೊಂದೇ ಪುಟ ಸ್ಕ್ಯಾನ್ ಮಾಡಿ, ಚಿತ್ರವನ್ನು ಅಕ್ಷರವಾಗಿಸುವ ಸಾಫ್ಟ್‌ವೇರಿಗೆ ಕೊಡುತ್ತಿದ್ದೆ. ಜೆರಾಕ್ಸ್ ಮಸುಕಾಗಿದ್ದರಿಂದ ಅದು ಪುಟಕ್ಕೆ ನಲವತ್ತು ಐವತ್ತು ತಪ್ಪು ಮಾಡುತ್ತಿತ್ತು. ಮೇಷ್ಟರ ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ‘ಇ’ ಅಕ್ಷರದ ಅಡ್ಡಗೆರೆ ಸವೆದಿತ್ತು; ಸಾಫ್ಟ್‌ವೇರ್ ಅದನ್ನು ‘ಸಿ’ ಎಂದೇ ಓದುತ್ತಿತ್ತು. ಯಾವ ಪುಟದಲ್ಲಿ ಯಾವ ತಪ್ಪು ಎಷ್ಟು ಎಂದು ಪಟ್ಟಿ ಇಟ್ಟೆ. ಅಂಕಿಗಳ ಕೋಷ್ಟಕಗಳದು ಇನ್ನೊಂದು ತಲೆನೋವು. ಆರೋ ಎಂಟೋ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಣ್ಣ ಪ್ರೋಗ್ರಾಂ ಬರೆದು ಎರಡು ಹೀರೋಗಳನ್ನು ಲಕ್ಷ ಸಲ ಹೊಡೆದಾಡಿಸಿದೆ. ಫಲಿತಾಂಶ ಎಲ್ಲಿ ಏಕಾಏಕಿ ವಾಲುತ್ತದೋ ಅಲ್ಲಿ ಒಂದು ಅಂಕಿ ತಪ್ಪು. ಹೀಗೆ ಏಳು ತಪ್ಪು ಹಿಡಿದೆ. ತಿದ್ದಿದ ಅಧ್ಯಾಯಗಳು ಒಂದೊಂದಾಗಿ ಮೇಷ್ಟರಿಗೆ ಫ್ಯಾಕ್ಸ್ ಆಗಿ ಹೋಗಿ, ಪುಟಪುಟಕ್ಕೂ ಸಹಿ ಬಿದ್ದು ವಾಪಸ್ ಬರುತ್ತಿದ್ದವು.

ಶನಿವಾರ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಯೂನಿವರ್ಸಿಟಿಯ ಕೆಲವು ಗ್ರ್ಯಾಡ್ ವಿದ್ಯಾರ್ಥಿಗಳು ಆಡಿ ನೋಡುತ್ತಿದ್ದರು. ಅವರೆಲ್ಲರಿಗೂ ಹಿಡಿಸಿದ್ದು ಮೂವತ್ತೆಂಟು ಮೂವತ್ತೊಂಬತ್ತನೆಯ ಪುಟಗಳ ಸಾಕ್ಷಿ ನಿಯಮ. ಹೋರಾಟ ಮುಗಿದ ಮೇಲೆ ದಾಳ ಹಾಕಿ ಬೀದಿಯಲ್ಲಿದ್ದ ಕೆಲವು ಸಾಕ್ಷಿಗಳನ್ನು ಆರಿಸಬೇಕು. ಒಬ್ಬೊಬ್ಬ ಆಟಗಾರ ಒಬ್ಬೊಬ್ಬ ಸಾಕ್ಷಿಯಾಗಿ ತಾನು ಕಂಡದ್ದನ್ನು ಹೇಳಬೇಕು. ಯಾವ ಇಬ್ಬರ ಮಾತು ತಾಳೆಯಾಗುತ್ತದೋ ಅದೇ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಮುಂದೆ ಆಟದಲ್ಲಿ ಅದೇ ನಿಜ. ನಡೆದದ್ದು ಬೇರೆಯೇ ಇದ್ದರೂ ಹೀರೋ ಅದನ್ನು ಹೊತ್ತುಕೊಂಡೇ ಬದುಕಬೇಕು. ಒಬ್ಬ ವಿದ್ಯಾರ್ಥಿಯ ಹೀರೋ ಮಗುವೊಂದನ್ನು ಬೆಂಕಿಯಿಂದ ತಂದಿದ್ದ. ಇಬ್ಬರು ಸಾಕ್ಷಿಗಳು ಅವನು ಮಗುವನ್ನು ಕದ್ದೊಯ್ದನೆಂದರು. ಆ ಹುಡುಗ ಮುಂದಿನ ಮೂರು ಶನಿವಾರ ತಪ್ಪದೆ ಬಂದ.

ಆ ಪುಟಗಳ ವಿಷಯದಲ್ಲಿ ನನ್ನ ನೆನಪು ಗಟ್ಟಿ. ಮೈಸೂರಿನಲ್ಲಿ ಮೂಲ ಪುಸ್ತಕವನ್ನು ಕೈಯಲ್ಲಿ ಹಿಡಿದು ಅದನ್ನು ಓದಿದ್ದೆ. ಪುಟದ ಮೂಲೆಯಲ್ಲಿ ಛತ್ರಿ ಹಿಡಿದು ಆಕಾಶ ನೋಡುವವನ ಚಿಕ್ಕ ಚಿತ್ರವೂ ಕಣ್ಣ ಮುಂದಿತ್ತು. ಜೆರಾಕ್ಸಿನಲ್ಲಿ ಚಿತ್ರ ಇರಲಿಲ್ಲ. ಮಸುಕಿನಲ್ಲಿ ಅಳಿಸಿರಬೇಕೆಂದುಕೊಂಡೆ.

ಮೇ ತಿಂಗಳಲ್ಲಿ ಆ ಅಧ್ಯಾಯದ ಫ್ಯಾಕ್ಸ್ ವಾಪಸ್ ಬಂತು. ಸಹಿಯ ಪಕ್ಕ ಮೇಷ್ಟರು ಬರೆದಿದ್ದರು: “ಇದನ್ನು ಬರೆದ ನೆನಪೇ ಇಲ್ಲ. ಒಂದು ಕಾಲಕ್ಕೆ ಇಷ್ಟು ಚೆನ್ನಾಗಿ ಯೋಚಿಸುತ್ತಿದ್ದೆನೆಂದು ತಿಳಿದು ಸಂತೋಷವಾಯಿತು. ಮಗಳಿಗೆ ಓದಿ ಹೇಳಿದೆ.”

ಮುದ್ರಣಾಲಯದಲ್ಲಿ ಜೂನ್ ಮೂರನೆಯ ವಾರ ನಮಗೆ ಜಾಗ ಸಿಕ್ಕಿತ್ತು. ತಪ್ಪಿದರೆ ಮತ್ತೆ ಜನವರಿಗೆ, ಅಂದರೆ ಅನುಮತಿ ಮುಗಿದ ಮೇಲೆ. ಕೊನೆಯ ಪ್ರೂಫನ್ನು ಹಳೆಯ ಪದ್ಧತಿಯಂತೆ ಇಬ್ಬರು ಕೂತು ನೋಡಿದೆವು. ಹೆಂಡತಿ ಪ್ರೂಫನ್ನು ಗಟ್ಟಿಯಾಗಿ ಓದುವುದು, ನಾನು ಜೆರಾಕ್ಸಿನ ಮೇಲೆ ಬೆರಳಿಟ್ಟು ಹೋಗುವುದು. ಅವಳಿಗೆ ಆಟದಲ್ಲಿ ಆಸಕ್ತಿಯಿಲ್ಲ. ಹಾಗಾಗಿಯೇ ಓದಲು ಅವಳೇ ಸರಿ. ಅರ್ಥ ಹಿಡಿಯುವವರು ಅಕ್ಷರ ಬಿಡುತ್ತಾರೆ. ಮೂವತ್ತೊಂಬತ್ತನೆಯ ಪುಟದಲ್ಲಿ ಸಾಕ್ಷಿಗಳ ಪಟ್ಟಿ. ಅಂಚೆಯವನು, ಕ್ಷೌರಿಕ, ಬಸ್ ಕಂಡಕ್ಟರ್, ಕಾರ್ಡ್ ಹಿಡಿದು ಸೀಮೆಎಣ್ಣೆ ಕ್ಯೂನಲ್ಲಿ ನಿಂತವನು. ಅವಳು ಅಲ್ಲಿ ಓದು ನಿಲ್ಲಿಸಿದಳು.

“ಇಂಗ್ಲೆಂಡಲ್ಲೂ ಸೀಮೆಎಣ್ಣೆಗೆ ಕ್ಯೂ ನಿಲ್ತಾ ಇದ್ರಾ?”

ಆಗೆಲ್ಲ ಅಲ್ಲಿ ಕರೆಂಟು ಹೋಗುತ್ತಿತ್ತಂತೆ ಎಂದೆ. ಪ್ರಕಾಶಕ ಹಾಗೆಂದಿದ್ದ. ಆ ಸಾಲನ್ನು ಅಪ್ಪಟ ಬ್ರಿಟಿಷ್ ಎಂದು ಮೆಚ್ಚಿಕೊಂಡೂ ಇದ್ದ.

“ಕೈಯಲ್ಲಿ ಕಾರ್ಡ್ ಬೇರೆ ಇದೆಯಲ್ರೀ ಇವನಿಗೆ. ನಮ್ಮ ರೇಷನ್ ಅಂಗಡಿ ಮುಂದೆ ನಿಂತ ಹಾಗಿದಾನೆ.”

ಅವಳು ಮುಂದೆ ಓದಿದಳು. ನನ್ನ ಬೆರಳು ಹೋಗಲಿಲ್ಲ. ಎದ್ದು ತಪ್ಪುಗಳ ಪಟ್ಟಿ ತೆಗೆದೆ. ಉಳಿದ ಅರವತ್ತೆರಡು ಪುಟಗಳಲ್ಲೂ ‘ಇ’ ಎಂಬುದು ‘ಸಿ’ ಆಗಿತ್ತು. ಮೂವತ್ತೆಂಟು ಮೂವತ್ತೊಂಬತ್ತರಲ್ಲಿ ಒಂದು ಸಲವೂ ಆಗಿರಲಿಲ್ಲ. ಅದರ ಮುಂದೆ ನನ್ನದೇ ಕೈಬರಹ: ‘ಈ ಎರಡು ಪುಟ ಚೆನ್ನಾಗಿ ಸ್ಕ್ಯಾನ್ ಆಗಿವೆ.’ ಭೂತಕನ್ನಡಿ ಹಿಡಿದು ನೋಡಿದೆ. ಅಡ್ಡಗೆರೆ ನೆಟ್ಟಗಿತ್ತು. ಅದು ಬೇರೆ ಟೈಪ್‌ರೈಟರ್. ಆಫೀಸಿನಲ್ಲಿ ಯಾರಾದರೂ ಇಂಥ ವ್ಯತ್ಯಾಸ ಕಂಡು ಸಂತೋಷಪಟ್ಟಿದ್ದರೆ ನಾನು ಅವರ ಮಾನ ಕಳೆಯುತ್ತಿದ್ದೆ.

“ಬೀಗ ಹಾಕಿದ್ದೇ ನಿಮಗೆ ನೆನಪಿರಲ್ಲ,” ಎಂದಳು ಹೆಂಡತಿ, ನಾನು ಛತ್ರಿಯವನ ಚಿತ್ರದ ಮಾತೆತ್ತಿದಾಗ.

ಮೈಸೂರಿನ ಆ ಗುಂಪಿನಲ್ಲಿ ಆಡುತ್ತಿದ್ದ ಒಬ್ಬನೇ ಇಲ್ಲಿದ್ದ. ಧಾರವಾಡದವನು, ಹಾಸ್ಟೆಲಿನಲ್ಲಿ ನನ್ನ ರೂಮಿನವನು. ಹ್ಯಾರಿಸನ್‌ನಲ್ಲಿ ಮನೆ ಮಾಡಿಕೊಂಡು ನ್ಯೂಯಾರ್ಕಿಗೆ ದಿನವೂ ರೈಲಿನಲ್ಲಿ ಕಮ್ಯೂಟ್ ಮಾಡುತ್ತಿದ್ದ. ಸಂಜೆ ಹ್ಯಾರಿಸನ್ ಸ್ಟೇಷನ್ನಿನ ಹೊರಗೆ ಕಾದು ನಿಂತು, ರೈಲಿಳಿದು ಬಂದವನ ಕೈಗೆ ಜೆರಾಕ್ಸ್ ಕೊಟ್ಟೆ. ಎರಡು ಪುಟ ತಿರುವಿ ನಕ್ಕ.

“ಲೇ, ಇದು ನಾವ ಮಾಡಿದ್ದಲ್ಲೇನು? ಜೆರಾಕ್ಸಿನವ ಎರಡು ಹಾಳಿ ಕೂಡಿಸಿ ತಿರುವಿಬಿಟ್ಟಿದ್ದ, ನಡುವಿನ ಎರಡು ಪುಟ ಬಿಟ್ಟುಹೋಗಿದ್ವು. ಪುಸ್ತಕ ಇಂಗ್ಲೆಂಡಿಗೆ ಹೋಗಿತ್ತು. ಮತ್ತೇನ್ ಮಾಡೂದಿತ್ತು?”

“ನೀನು ಬರೆದಿದ್ದಾ?”

“ನಾ ಎಲ್ಲೀದು? ನೀ ಬರದಿ. ನಾ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಟೈಪ್ ಮಾಡಿಸ್ಕೊಂಡು ಬಂದೆ, ಅಷ್ಟ.”

“ಇಲ್ಲ ಕಣೋ. ನನಗೆ ಬರೆದ ನೆನಪೇ ಇಲ್ಲ. ಇಂಥದ್ದೆಲ್ಲ ಹೊಳೀತಾ ಇದ್ದಿದ್ದು ನಿನಗೆ.”

“ನಿಂಗ ನೆನಪಿಲ್ಲಂದ್ರ ನೀ ಬರದಿಲ್ಲಂತೇನು? ಯಾವಾಗ ನೆಟ್ಟಗಿತ್ತು ನಿನ್ನ ನೆನಪು?”

ಅವನಿಗೆ ಅದು ತಮಾಷೆ. ಹೆಮ್ಮೆಯೂ ಇತ್ತು. ಮೂವತ್ತೇಳನೆಯ ಪುಟದ ಕೊನೆಗೆ “ಹೋರಾಟ ಮುಗಿದ ಮೇಲೆ ಹೀರೋ ಮೊದಲು” ಎಂದು ಅರ್ಧಕ್ಕೆ ನಿಂತಿದ್ದ ವಾಕ್ಯವನ್ನು ನಲವತ್ತನೆಯ ಪುಟದ “ಮರುದಿನದ ಪತ್ರಿಕೆ ಬರುವ ಮುನ್ನ” ಎಂಬುದಕ್ಕೆ ಹೇಗಾದರೂ ಮುಟ್ಟಿಸಬೇಕಿತ್ತು, ಅದಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು ಎಂದ. ಭಾನುವಾರವೂ ನನಗೆ ನೆನಪಿರಲಿಲ್ಲ. ಮೇಷ್ಟರ ಸಹಿ, ಟಿಪ್ಪಣಿ ತೋರಿಸಿದೆ. ಓದಿ ಹಾಳೆ ಮಡಚಿ ವಾಪಸ್ ಕೊಟ್ಟ.

“ಬಿಡಲೇ,” ಎಂದ ಕೊನೆಗೆ. “ಮುದುಕಗ ಖುಷಿ ಆಗೇತಿ. ಹೇಳಿ ಏನ್ ಸಾಧಿಸ್ತಿ?”

ಮರುದಿನ ಕ್ರ್ಯಾನ್‌ಬರಿಗೆ ಡ್ರೈವ್ ಮಾಡಿದೆ. ಹೆದ್ದಾರಿಯ ಎಕ್ಸಿಟ್ ಎಂಟು-ಎ ದಾಟಿದ ಮೇಲೆ ಲಾರಿಗಳ ನಡುವೆ ನನ್ನ ಹಳೆಯ ಕಾರು ಇಪ್ಪತ್ತು ನಿಮಿಷ ತೆವಳಿತು. ಪ್ರಕಾಶಕನಿಗೆ ಎಲ್ಲ ಹೇಳಿದೆ. ಅವನು ಕೂಗಾಡಲಿಲ್ಲ. ಲಾರಿಯೊಂದು ಹಿಂದಕ್ಕೆ ಬರುವ ಕಿರ್ರೆನ್ನುವ ಸದ್ದು ನಿಲ್ಲುವವರೆಗೆ ಕಾದು, ಸಹಿ ಹಾಕಿದ್ದಾರೆ ತಾನೇ ಎಂದು ಕೇಳಿದ. ಹಾಕಿದ್ದಾರೆ. ತಮ್ಮದೆಂದು ಒಪ್ಪಿದ್ದಾರೆ ತಾನೇ? ಒಪ್ಪಿದ್ದಾರೆ. ಹಾಗಾದರೆ ಅದು ಅವರದೇ ಎಂದ. ಮೂಲ ಪುಟಗಳು ಪ್ರಪಂಚದಲ್ಲಿ ಎಲ್ಲಿವೆಯೋ ಗೊತ್ತಿಲ್ಲ, ಹುಡುಕಲು ಎಂಟು ದಿನವಿದೆ. ಹೇಳಿದರೆ ಅವರು ಅನುಮತಿ ಕಿತ್ತುಕೊಳ್ಳುತ್ತಾರೆ, ಆಟ ಎರಡನೆಯ ಸಲ ಸಾಯುತ್ತದೆ, ಮೂರನೆಯ ಸಲ ಯಾರೂ ಎಬ್ಬಿಸುವುದಿಲ್ಲ.

“ನಿನ್ನ ಮನಸ್ಸು ಹಗುರಾಗಲಿ ಅಂತ ಒಂದು ಪುಸ್ತಕ ಕೊಲ್ಲಬೇಡ,” ಎಂದ.

ಆ ಮಾತಿನಲ್ಲಿ ತಪ್ಪು ಹುಡುಕುತ್ತ ಮನೆಗೆ ಬಂದೆ. ಸಿಗಲಿಲ್ಲ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ. ಆಟಕ್ಕೆ ಲಾಭ, ಮೇಷ್ಟರಿಗೆ ಸಂತೋಷ. ಎರಡು ದಿನ ಆಫೀಸಿನಲ್ಲಿ ದಿನಾಂಕಗಳನ್ನು ನೋಡುತ್ತ ಇದನ್ನೇ ತಿರುವಿ ಹಾಕಿದೆ. ಮತ್ತೆ ಮತ್ತೆ ಅಡ್ಡ ಬಂದದ್ದು ಸಹಿಯಲ್ಲ, ಅದರ ಪಕ್ಕದ ಸಾಲು. ಇದನ್ನು ಬರೆದ ನೆನಪೇ ಇಲ್ಲ ಎಂದು ಆ ಮನುಷ್ಯ ಸರಿಯಾಗಿಯೇ ಹೇಳಿದ್ದರು. ನಾನು ಕಳಿಸಿದ ಕಾಗದವನ್ನು ನಂಬಿ ತಮ್ಮ ನೆನಪನ್ನು ತಿದ್ದಿಕೊಂಡಿದ್ದರು. ನೆನಪು ನೆಟ್ಟಗಿಲ್ಲದವನ ಪಾಡು ಏನೆಂದು ನನಗೆ ಗೊತ್ತು. ನೆಟ್ಟಗಿದ್ದ ಒಬ್ಬರ ನೆನಪನ್ನು ನಾನು ಕೆಡಿಸಿದ್ದೆ.

ಬೆಳಿಗ್ಗೆ ಏಳಕ್ಕೆ ಮೇಷ್ಟರಿಗೆ ಫೋನ್ ಮಾಡಿದೆ, ಅಲ್ಲಿ ಮಧ್ಯಾಹ್ನ. ಹೆಂಡತಿ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಜೆರಾಕ್ಸ್, ಕೂಡಿಸಿ ತಿರುವಿದ ಹಾಳೆ, ಟೈಪ್‌ರೈಟರ್, ಸೀಮೆಎಣ್ಣೆ ಎಲ್ಲ ಹೇಳಿ ಮುಗಿಸಿದೆ.

“ಹಾಗಾದರೆ ಬರೆದವರು ಯಾರು?”

“ಗೊತ್ತಿಲ್ಲ. ನನ್ನ ಗೆಳೆಯ ನನ್ನನ್ನು ತೋರಿಸುತ್ತಾನೆ, ನಾನು ಅವನನ್ನು.”

“ನನ್ನ ಪುಟಗಳಲ್ಲಿ ಏನಿತ್ತು?”

“ಅದೂ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ,” ಎಂದರು. ಫೋನ್ ಇಟ್ಟ ಶಬ್ದ ಬಂತು.

ಆಮೇಲಿನ ನಾಲ್ಕು ದಿನ ಮೇಷ್ಟರಿಂದ ಸುದ್ದಿಯಿಲ್ಲ. ಪ್ರಕಾಶಕ ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ. ಇ-ಮೇಲ್ ಗುಂಪಿನಲ್ಲಿ ನಡೆದದ್ದನ್ನು ಬರೆದು, ಮೂಲ ಪುಸ್ತಕ ಇರುವವರು ಆ ಎರಡು ಪುಟ ಗೋದಾಮಿಗೆ ಫ್ಯಾಕ್ಸ್ ಮಾಡಿ ಎಂದು ಬೇಡಿಕೊಂಡೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ಲೇವಡಿ. ಆರು ತಿಂಗಳು ಏನನ್ನು ಟೆಸ್ಟ್ ಮಾಡಿದೆಯಪ್ಪಾ ಎಂದು ಒಬ್ಬ ಕೇಳಿದ್ದ.

ಮುದ್ರಣಾಲಯಕ್ಕೆ ಕಡತ ಹೋಗಬೇಕಾದ ಹಿಂದಿನ ದಿನ ಆಫೀಸಿಗೆ ಪ್ರಕಾಶಕನ ಫೋನ್ ಬಂತು. ಬಾ ಎಂದಷ್ಟೇ ಹೇಳಿದ. ಊಟದ ವೇಳೆಗೆ ಹೋದರೆ ಫ್ಯಾಕ್ಸ್ ಯಂತ್ರದ ಪಕ್ಕ ಮೂರು ಹಾಳೆಗಳಿದ್ದವು. ಎರಡು ಸ್ಕಾಟ್ಲೆಂಡಿನ ಒಬ್ಬ ಅಂಚೆಯವನು ಕಳಿಸಿದ್ದು: ಮೂಲ ಪುಸ್ತಕದ ಮೂವತ್ತೆಂಟು, ಮೂವತ್ತೊಂಬತ್ತು. “ಹೋರಾಟ ಮುಗಿದ ಮೇಲೆ ಹೀರೋ ಮೊದಲು” ಮಾಡಬೇಕಾದದ್ದು ಉಡುಪು ಒಗೆದು, ಹೊಲಿದು, ಒಣಹಾಕುವುದು. ಯಾವ ಬಟ್ಟೆಗೆ ಎಷ್ಟು ಗಂಟೆ, ಮಳೆಯಿದ್ದರೆ ಎಷ್ಟು ಹೆಚ್ಚು ಎಂದು ಒಂದೂವರೆ ಪುಟದ ಕೋಷ್ಟಕ. ಮೂಲೆಯಲ್ಲಿ ಛತ್ರಿ ಹಿಡಿದು ಆಕಾಶ ನೋಡುವವನು, ಪಕ್ಕದಲ್ಲಿ ಹಗ್ಗದ ಮೇಲೆ ನೇತುಹಾಕಿದ ಅವನ ಉಡುಪು. ನನ್ನ ನೆನಪು ಚಿತ್ರವನ್ನು ಸರಿಯಾಗಿ ಇಟ್ಟುಕೊಂಡು, ಅದರ ಕೆಳಗೆ ನಮ್ಮ ಬರಹವನ್ನು ಅಂಟಿಸಿತ್ತು.

ಮೂರನೆಯ ಹಾಳೆ ಮೇಷ್ಟರದು. ಅಂಚೆಯವನು ಅವರಿಗೂ ಕಳಿಸಿದ್ದ. “ಇದು ನನ್ನದು, ಅನುಮಾನವಿಲ್ಲ. ಆ ಚಳಿಗಾಲ ನಮ್ಮ ಮನೆಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಇದನ್ನೇ ಹಾಕಿ. ನಿಮ್ಮ ಸಾಕ್ಷಿಗಳು ನನ್ನ ಹೀರೋಗಳಿಗಿಂತ ಚೆನ್ನಾಗಿದ್ದಾರೆ; ಆದರೂ ನನ್ನ ಹೆಸರಿನ ಕೆಳಗೆ ನನ್ನ ಪೆದ್ದುತನವೇ ಇರಲಿ. ಅವರದನ್ನು ಬಿಡಿ ಹಾಳೆಯಾಗಿ ಪ್ರತಿ ಪುಸ್ತಕದಲ್ಲಿಡಿ. ಪುಟಸಂಖ್ಯೆ ಬೇಡ. ಬರೆದವರು ಯಾರೆಂದು ಗೊತ್ತಾಗುವವರೆಗೆ ಹೆಸರೂ ಬೇಡ.” ಮಗಳಿಗೆ ಏನು ಹೇಳಿದರೆಂದು ಬರೆದಿರಲಿಲ್ಲ.

ಅಲ್ಲೇ ಗೋದಾಮಿನ ಕಂಪ್ಯೂಟರಿನಲ್ಲಿ ಕೂತು ಆ ಕೋಷ್ಟಕ ಟೈಪ್ ಮಾಡಿದೆ. ಪ್ರಕಾಶಕ ಹಿಂದೆ ನಿಂತು ಅಂಕಿಗಳನ್ನು ಓದಿ ಹೇಳಿದ. ಐದು ಗಂಟೆಗೆ ಕಡತ ಹೋಯಿತು.

ಜುಲೈನಲ್ಲಿ ಪುಸ್ತಕಗಳು ಬಂದವು. ಒಂದು ಭಾನುವಾರ ಬೆಳಿಗ್ಗೆ ಪ್ರಕಾಶಕ, ನನ್ನ ಹೆಂಡತಿ, ಧಾರವಾಡದವನು, ನಾನು ಉದ್ದ ಮೇಜಿನ ಎರಡು ಬದಿ ನಿಂತು ಬಿಡಿ ಹಾಳೆಗಳನ್ನು ಮಡಿಸಿ ಪುಸ್ತಕಗಳೊಳಗೆ ಇಟ್ಟೆವು. “ಇಷ್ಟು ಚಂದ ಬರದು ಹೆಸರಿಲ್ಲದ ಹಾಳಿ ಆದಿ ನೋಡು,” ಎಂದು ಅವನು ರೇಗಿಸಿದ. ಬರೆದವನು ನೀನು ಎಂದೆ. ಮಧ್ಯಾಹ್ನದವರೆಗೂ ಅದೇ ಜಗಳ ನಡೆಯಿತು. ನಮ್ಮ ಕನ್ನಡ ಅರ್ಥವಾಗದಿದ್ದರೂ ಪ್ರಕಾಶಕ ಒಂದು ಸಲ ನಕ್ಕ.

ಪುಸ್ತಕ ಚೆನ್ನಾಗಿಯೇ ಹೋಯಿತು. ಚಳಿಗಾಲದಲ್ಲಿ ಇಂಗ್ಲೆಂಡಿನಿಂದ ಒಬ್ಬರ ಸಿಟ್ಟಿನ ಪತ್ರ ಬಂತು; ಪ್ರಕಾಶಕ ಅದನ್ನು ನನಗೆ ರವಾನಿಸಿದ. ಅವರು ಶಾಲೆಯಲ್ಲಿದ್ದಾಗ ಮೊದಲ ಆವೃತ್ತಿಯನ್ನು ಆಡಿದವರು. ಆಟದ ಜೀವವೇ ಆಗಿದ್ದ ಸಾಕ್ಷಿ ನಿಯಮವನ್ನು ಪುಸ್ತಕದಿಂದ ಕಿತ್ತು ಬಿಡಿ ಹಾಳೆ ಮಾಡಿದ್ದು ಯಾಕೆ? ಆ ಪುಟ ತಮಗೆ ಚೆನ್ನಾಗಿ ನೆನಪಿದೆ. ಗೆಳೆಯರ ಜೊತೆ ವಾರ ವಾರ ಅದನ್ನೇ ಆಡುತ್ತಿದ್ದೆವು ಎಂದು ಬರೆದಿದ್ದರು.

ಮೂಲ ಪುಟಗಳ ಪ್ರತಿ ಇಟ್ಟು ವಿವರವಾಗಿ ಉತ್ತರ ಬರೆದೆ. ಅವರು ಒಪ್ಪಲಿಲ್ಲ. ಸ್ಕಾಟ್ಲೆಂಡಿನ ಪ್ರತಿಯೇ ಬೇರೆ ಮುದ್ರಣದ್ದಿರಬೇಕು ಎಂದು ಮರಳಿ ಬರೆದರು.

ಆ ಪತ್ರ ಇವತ್ತೂ ಜೆರಾಕ್ಸಿನ ಜೊತೆಗೇ ಇದೆ. ಒಮ್ಮೊಮ್ಮೆ ಎರಡನ್ನೂ ತೆಗೆದು ನಮ್ಮದೇ ನಿಯಮದಂತೆ ಸಾಕ್ಷಿಗಳನ್ನು ಎಣಿಸುತ್ತೇನೆ. ಧಾರವಾಡದವನು ಬರೆದ ಎಂದು ನಾನು ಹೇಳುತ್ತೇನೆ. ಅವನು ನನ್ನ ಕಡೆ ಬೆರಳು ತೋರಿಸುತ್ತಾನೆ. ಅದು ಪುಸ್ತಕದಲ್ಲೇ ಇತ್ತು ಎಂದು ಮೇಷ್ಟರು ಒಂದು ಸಲ ಸಹಿ ಮಾಡಿದ್ದಾರೆ, ಈ ಪತ್ರದವರೂ ಹಾಗೇ ಹೇಳುತ್ತಾರೆ. ತಾಳೆಯಾಗುವುದು ಅವರಿಬ್ಬರ ಮಾತು ಮಾತ್ರ.